ಚೋಂಗ್‌ಚಿಂಗಿನ ಕೆಂಪು ಸಾರು, ಬೀಜಿಂಗಿನ ತಿಳಿನೀರು

ಬ್ಯಾಡಗಿ ಸಂತೆಯ ಘಾಟು ಕುಡಿದು ಬೆಳೆದವನು ನಾನು. ಖಾರದ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿತ್ತು. ಚೀನಾದ ಚೋಂಗ್‌ಚಿಂಗ್ ನಗರದಲ್ಲಿ, ಮೇಜಿನ ಮೇಲೇ ಕುದಿಯುವ ಸಾರಿನಲ್ಲಿ ಬೇಯಿಸಿಕೊಂಡು ತಿನ್ನುವ ಹಾಟ್‌ಪಾಟ್ ಅಂಗಡಿಯಲ್ಲಿ ‘ವೇಯ್‌ಲಾ’, ಅಂದರೆ ಖಾರ ಕಮ್ಮಿ ಎಂದು ಹೇಳಿಯೇ ತರಿಸಿದ್ದೆ. ಆದರೂ ಹತ್ತು ನಿಮಿಷದಲ್ಲಿ ಕಿವಿ ಬಿಸಿಯಾಯಿತು.

ಮೇಜಿನ ನಡುವೆ ಕುದಿಯುವ ಪಾತ್ರೆಗೆ ಚೌಕಾಬಾರದ ಪಟದಂತೆ ಗೆರೆ ಹಾಕಿ ಒಂಬತ್ತು ಮನೆ. ನಡುಮನೆ ಕೊತಕೊತ ಕುದಿಯುತ್ತದೆ, ಮೂಲೆಯವು ಸಣ್ಣಗೆ. ತಟ್ಟನೆ ಬೇಯುವುದು ನಡುವೆ, ಬಾತುಕೋಳಿ ರಕ್ತದ ಗಡ್ಡೆಯಂಥದ್ದು ಮೂಲೆಗೆ. ಸಾರೆಂದರೆ ದನದ ಕೊಬ್ಬು, ಒಣಮೆಣಸಿನಕಾಯಿ, ಹುವಾಜ್ಯಾವ್. ಈ ಹುವಾಜ್ಯಾವ್ ನಮ್ಮ ಕರಾವಳಿಯವರು ಬಂಗುಡೆ ಸಾರಿಗೆ ಹಾಕುವ ಜುಮ್ಮನಕಾಯಿಯ ನೆಂಟ, ಒಂದೇ ಕುಲದ್ದು. ಖಾರವಲ್ಲ, ತುಟಿ ಜುಮ್ಮೆನ್ನಿಸುತ್ತದೆ. ಆಮೇಲೆ ಏನು ತಿಂದರೂ ಅದರದೇ ದರ್ಬಾರು.

ಅಲ್ಲಿ ನಾನು ಸೋತದ್ದು ಮಾವ್‌ದುಗೆ. ಅದು ದನದ ಹೊಟ್ಟೆಯ ಒಳಪದರ. ಹಿಂದೆ ನದಿದಂಡೆಯ ಕೂಲಿಗಳು ಇಂಥ ಅಗ್ಗದ ಒಳಾಂಗಗಳನ್ನು ಖಾರದಲ್ಲಿ ಕುದಿಸಿ ತಿನ್ನುತ್ತಿದ್ದುದೇ ಈ ಊಟದ ಮೂಲವಂತೆ. ಚಾಪ್‌ಸ್ಟಿಕ್ಕಿನಲ್ಲಿ ಹಿಡಿದು ಏಳು ಸಲ ಎತ್ತು, ಎಂಟು ಸಲ ಮುಳುಗಿಸು ಎಂಬುದು ಲೆಕ್ಕ, ಹದಿನೈದು ಸೆಕೆಂಡು. ಕೈ ಮರೆತರೆ ಚಪ್ಪಲಿ. ಸರಿಯಾಗಿ ಬಂದರೆ ಹಲ್ಲಿಗೆ ಕರುಂ ಕರುಂ. ಬೆಳ್ಳುಳ್ಳಿ ಹಾಕಿದ ಎಳ್ಳೆಣ್ಣೆಯಲ್ಲಿ ಅದ್ದಬೇಕು. ಎಣ್ಣೆಗೆ ಮತ್ತೆ ಎಣ್ಣೆಯೇ ಅಂದುಕೊಂಡಿದ್ದೆ, ಆದರೆ ಖಾರ ತೊಳೆದು ನಾಲಿಗೆ ಉಳಿಸುವುದೇ ಅದು.

ಜೊತೆಗೆ ಬಂದಿದ್ದ ಭಾವ ದನದ ಮಾಂಸ ಮುಟ್ಟುವವರಲ್ಲ. ಸಾರೇ ಅದರದು ಎಂದ ಮೇಲೆ ಮುಗಿಯಿತು. ಮೊಟ್ಟೆ ಹಾಕಿ ಹುರಿದ ಅನ್ನ ತರಿಸಿಕೊಂಡು ನನ್ನ ಬೆವರು ನೋಡುತ್ತ ಕುಳಿತರು.

ನಾಲ್ಕು ದಿನದ ಮೇಲೆ ಬೀಜಿಂಗ್. ನಡುವೆ ಕೊಳವೆ ಇರುವ ತಾಮ್ರದ ಪಾತ್ರೆ, ಕೊಳವೆಯೊಳಗೆ ಇದ್ದಿಲ ಕೆಂಡ, ಸುತ್ತ ನೀರು. ನೀರೆಂದರೆ ನೀರೇ: ಎರಡು ತುಂಡು ಶುಂಠಿ, ಈರುಳ್ಳಿ ಸೊಪ್ಪು, ನಾಲ್ಕು ಗೋಜಿ ಹಣ್ಣು. “ಇದಕ್ಕೆ ದುಡ್ಡು ಕೊಡಬೇಕೇನೋ?” ಅಂದರು ಭಾವ.

ಕಾಗದದಷ್ಟು ತೆಳ್ಳಗೆ ಕೊಯ್ದ ಕುರಿಮಾಂಸ ನೀರಿಗಿಳಿದು ಬಣ್ಣ ಬದಲಿಸಿದ ಕೂಡಲೇ ಎತ್ತಬೇಕು. ಅದ್ದಲು ಎಳ್ಳಿನ ಗಟ್ಟಿ ಗೊಜ್ಜು. ಅದಕ್ಕೆ ಹುಳಿಬರಿಸಿದ ತೋಫು, ಈರುಳ್ಳಿಯ ಜಾತಿಯದೇ ಒಂದು ಹೂವಿನ ಚಟ್ನಿ. ಪಕ್ಕದಲ್ಲಿ ಸಿಹಿ ಬೆಳ್ಳುಳ್ಳಿ ಉಪ್ಪಿನಕಾಯಿ. ಈ ಬಗೆಯ ಅಂಗಡಿಗಳಲ್ಲಿ 1903ರ ದೊಂಗ್‌ಲಾಯ್‌ಶುನ್ ಹೆಸರುವಾಸಿ, ಚೀನಾದ ಹುಯಿ ಮುಸ್ಲಿಮರೊಬ್ಬರು ಶುರುಮಾಡಿದ್ದು. ನಾವು ತಿಂದದ್ದು ಗಲ್ಲಿಯ ಸಣ್ಣ ಅಂಗಡಿಯಲ್ಲಿ. ಕುರಿಯ ರುಚಿ ಮರೆಮಾಚಲು ಅಲ್ಲಿ ಏನೂ ಇರಲಿಲ್ಲ, ಆದ್ದರಿಂದ ಮಾಂಸ ಚೆನ್ನಾಗಿರಲೇಬೇಕು. ಚೆನ್ನಾಗಿಯೂ ಇತ್ತು. ಭಾವ ಮೇಲಿಂದ ಮೇಲೆ ಎರಡು ತಟ್ಟೆ ತರಿಸಿದರು. ಬಿಲ್ಲು ಚೋಂಗ್‌ಚಿಂಗಿಗಿಂತ ಜಾಸ್ತಿಯಾಯಿತು, ಅದು ಅವರ ಲೆಕ್ಕಕ್ಕೆ. ಕೊನೆಗೆ ನೂಡಲ್ಸ್ ಹಾಕುವ ಹೊತ್ತಿಗೆ ನೀರು ತಾನೇ ಸಾರಾಗಿತ್ತು.

ಒಂದೇ ಸಂಜೆ ಕೊಟ್ಟರೆ ಬೀಜಿಂಗಿಗೇ ಹೋಗುತ್ತೇನೆ. ಬ್ಯಾಡಗಿಯವರು ಬೈದುಕೊಳ್ಳಲಿ. ಮಾವ್‌ದು ಮಾತ್ರ ಈಗಲೂ ನೆನಪಾಗುತ್ತದೆ. ಸಸ್ಯಾಹಾರಿಗಳಿಗೆ ಎರಡೂ ಕಷ್ಟ: ಬೀಜಿಂಗಿನ ನೀರು ಶುದ್ಧವಾದರೂ ಅದೇ ಪಾತ್ರೆಯಲ್ಲಿ ಎಲ್ಲರ ಕುರಿ.

ಊರಿಗೆ ಬಂದು ಪೆಟ್ಟಿಗೆ ತೆಗೆದಾಗ ಅಕ್ಕ ಮೂಗು ಮುಚ್ಚಿಕೊಂಡಳು. ಚೋಂಗ್‌ಚಿಂಗಿನ ವಾಸನೆ ಬಡಿಯುತ್ತಿದ್ದದ್ದು ಒಂದು ತುತ್ತೂ ತಿನ್ನದ ಭಾವನ ಶರ್ಟಿಗೆ.