ಮಡಿಕೇರಿಯ ಪುಟ್ಟ ಊಟದ ಮನೆ: ಹಲವು ಅಲರ್ಜಿಗಳ ಮಗುವಿನೊಡನೆ ಒಂದು ಮಧ್ಯಾಹ್ನ

ಹಾಲು, ಮೊಟ್ಟೆ, ಗೋಧಿ, ಕಡಲೆಕಾಯಿ ನಾಲ್ಕೂ ಒಗ್ಗದ ಆರು ವರ್ಷದ ಮಗನಿಗೆ ದಿನಕ್ಕೆ ಬೇಕಾದ ಸುಮಾರು 16 ಗ್ರಾಂ ಪ್ರೋಟೀನನ್ನು ಹೊರಗಿನ ಊಟದಲ್ಲಿ ಹೊಂದಿಸುವುದು ಕಷ್ಟವೆಂದುಕೊಂಡೇ ಇಲ್ಲಿಗೆ ಹೋಗಿದ್ದೆವು. ಉಂಡೆಯಾಕಾರದ ಕಡಂಬುಟ್ಟು, ಶಾವಿಗೆಯಂಥ ನೂಪುಟ್ಟು ಎರಡೂ ಅಕ್ಕಿಯವು. ಹಂದಿ ಮಾಂಸದ ಪಂದಿ ಕರಿಗೆ ಹಾಲು ಮೊಸರು ಬೀಳುವುದಿಲ್ಲ, ಹುಳಿಗೆ ಕೊಡಗಿನ ಕಪ್ಪು ಹುಳಿರಸ ಕಾಚಂಪುಳಿಯೇ ಸಾಕು. ಆದರೂ ಎಣ್ಣೆ ಯಾವುದು, ಸೌಟು ಬೇರೆಯೇ ಎಂದು ವಿಚಾರಿಸಿದಾಗ ಅಡುಗೆಯವರು ಬೇಸರಿಸದೆ ಒಳಗೆ ಕರೆದು ತೋರಿಸಿ, ಮಗನ ಪಾಲನ್ನು ಪ್ರತ್ಯೇಕ ಪಾತ್ರೆಯಲ್ಲಿ ಬಿಸಿ ಮಾಡಿಕೊಟ್ಟದ್ದು ನನಗೆ ರುಚಿಗಿಂತ ದೊಡ್ಡದು. 50 ಗ್ರಾಂ ಬೆಂದ ಮಾಂಸದಲ್ಲಿ ಹತ್ತು ಗ್ರಾಂ ಪ್ರೋಟೀನಾದರೂ ಸಿಗುತ್ತದೆ, ಕೊಬ್ಬಿನ ತುಂಡುಗಳಾದರೆ ಅಷ್ಟಿಲ್ಲ. ಇಲ್ಲಿ ಕೊಬ್ಬು ತುಸು ಹೆಚ್ಚೇ. ಮೆಣಸಿನ ಖಾರ ಮಕ್ಕಳಿಗಲ್ಲ, ಅನ್ನ ಕಲಸಿಕೊಟ್ಟೆವು. ಕಾಳಿನ ಪಲ್ಯವೊಂದು ದಿನವೂ ಇದ್ದಿದ್ದರೆ ಮಾಂಸ ತಿನ್ನದ ಮಕ್ಕಳಿಗೂ ಅನುಕೂಲವಾಗುತ್ತಿತ್ತು.