ಮಾರಾಟಕ್ಕಿಟ್ಟ ಮನೆಯ ಬಚ್ಚಲಿಗೆ ಎಪಾಕ್ಸಿ ಗ್ರೌಟ್: ಎಲ್ಲಿ ಸೈ, ಎಲ್ಲಿ ಬೇಡ

ಟೈಲ್ಸ್ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಸಂದುಗಳು ಕಪ್ಪಾಗಿದ್ದರೆ ಬಚ್ಚಲು ಹಳೆಯದಾಗಿಯೇ ಕಾಣುತ್ತದೆ. ಹಾಗಂತ ಟೈಲ್ಸ್ ಕೀಳಿಸುವುದು ದುಡ್ಡು ದಂಡ. ಸಂದು ಮಾತ್ರ ಹೊಸದು ಮಾಡಲು ಎಪಾಕ್ಸಿ ಗ್ರೌಟ್, ಅಂದರೆ ಸಂದು ತುಂಬುವ ಮಸಾಲೆ, ಸಾಕು. ರೆಸಿನ್ (ಅಂಟು), ಹಾರ್ಡ್‌ನರ್ (ಅಂಟನ್ನು ಗಟ್ಟಿಯಾಗಿಸುವುದು), ಫಿಲ್ಲರ್ ಪುಡಿ ಮೂರೂ ಅಳೆದೇ ಬರುತ್ತವೆ. ಸಿಮೆಂಟ್ ಗ್ರೌಟ್ ನೀರು, ಸೋಪಿನ ಜಿಡ್ಡು ಹೀರಿಕೊಳ್ಳುತ್ತದೆ, ಇದು ಹೀರಿಕೊಳ್ಳುವುದಿಲ್ಲ.

ಮೊದಲು ಟೈಲ್ಸ್ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಅಲ್ಲಿ ಗ್ರೌಟ್ ನಿಲ್ಲುವುದಿಲ್ಲ. ಟೈಲ್ಸ್ ಅಲುಗಿದ ಹಾಗೆಲ್ಲ ಸಂದು ಬಿಡುತ್ತದೆ. ಹಳೆಯ ಗ್ರೌಟನ್ನು ಟೈಲ್ಸ್ ದಪ್ಪದ ಮೂರರಲ್ಲಿ ಎರಡು ಪಾಲು ಆಳದವರೆಗೆ ತೆಗೆಯಬೇಕು. ಮೇಲ್ಮೇಲೆ ಬಳಿದರೆ ಪದರವಾಗಿ ಎದ್ದು ಬರುತ್ತದೆ. ಗ್ರೈಂಡರ್ ಜಾರಿದರೆ ಟೈಲ್ಸ್ ಅಂಚು ಸಿಡಿಯುತ್ತದೆ, ಕಿರಿದಾದ ಸಂದಿಗೆ ಕೈಗರಗಸವೇ ವಾಸಿ. ಧೂಳು ತೆಗೆದು, ಪೂರ್ತಿ ಒಣಗಿಸಿ.

300 ಮಿ.ಮೀ. ಚೌಕದ, 8 ಮಿ.ಮೀ. ದಪ್ಪದ ಟೈಲ್ಸ್‌ಗೆ 3 ಮಿ.ಮೀ. ಸಂದು ಪೂರ್ತಿ ತುಂಬಲು ಚದರ ಮೀಟರಿಗೆ ಸುಮಾರು 250 ಗ್ರಾಂ ಬೇಕು. ಗೋಡೆ, ನೆಲ ಸೇರಿ 20 ಚದರ ಮೀಟರ್ ಇದ್ದರೆ 5 ಕಿಲೋ.

ಕೆಲಸ ಕೆಡುವುದು ಕಲಸುವಾಗ ಮತ್ತು ಒರೆಸುವಾಗ. ರೆಸಿನ್, ಹಾರ್ಡ್‌ನರ್ ಒಂದೇ ಬಣ್ಣಕ್ಕೆ ಬರುವ ತನಕ ಕಲಸಿ, ಆಮೇಲೆ ಪುಡಿ ಹಾಕಿ. ಅಂದಾಜಿನಲ್ಲಿ ಪಾಲು ಮಾಡಿದರೆ ಕೆಲವೆಡೆ ಅಂಟಂಟಾಗಿಯೇ ಉಳಿಯುತ್ತದೆ. ಬಕೆಟ್‌ನಲ್ಲಿ ಗುಡ್ಡೆಯಾಗಿ ಬಿಟ್ಟರೆ ತನ್ನ ಬಿಸಿಗೇ ಬೇಗ ಗಟ್ಟಿಯಾಗುತ್ತದೆ, ಹಲಗೆಯ ಮೇಲೆ ತೆಳ್ಳಗೆ ಹರಡಿಕೊಳ್ಳಿ. ಬಿಗಿಯಾಯಿತೆಂದು ನೀರು, ಥಿನ್ನರ್ ಬೆರೆಸಲೇಬಾರದು. ಬಿಸಿಲಿನ ದಿನ ಸಮಯ ಇನ್ನೂ ಕಡಿಮೆ ಸಿಗುತ್ತದೆ, ಆದ್ದರಿಂದ ಚಿಕ್ಕ ಡಬ್ಬಗಳನ್ನೇ ಕೊಳ್ಳಿ. ರಬ್ಬರ್ ಫ್ಲೋಟನ್ನು (ಹಿಡಿಯಿರುವ ರಬ್ಬರ್ ಹಲಗೆ) ಸಂದಿಗೆ ಓರೆಯಾಗಿ ಎಳೆದು ಒತ್ತಿ ತುಂಬಿ, ಮೆತುವಾಗಿರುವಾಗಲೇ ನೀರಲ್ಲಿ ಅದ್ದಿ ಹಿಂಡಿದ ಬಿಳಿ ನೈಲಾನ್ ಪ್ಯಾಡ್‌ನಿಂದ ಸುತ್ತಸುತ್ತ ಉಜ್ಜಿ, ಸ್ಪಾಂಜ್‌ನಿಂದ ಒರೆಸಿ. ನೀರು ಪದೇಪದೇ ಬದಲಿಸದಿದ್ದರೆ ಟೈಲ್ಸ್ ಮೇಲೆ ಮಸುಕು ಪೊರೆ ಉಳಿಯುತ್ತದೆ. ಅದು ಗಟ್ಟಿಯಾದ ಮೇಲೆ ಬಿಡಿಸುವುದು ಪ್ರಾಣಸಂಕಟ. ಕೈಗವಸು ಕಡ್ಡಾಯ, ಹಾರ್ಡ್‌ನರ್ ಚರ್ಮಕ್ಕೆ ಒಳ್ಳೆಯದಲ್ಲ.

ಗೋಡೆ ನೆಲ ಸೇರುವ ಮೂಲೆಗೆ ಇದು ಬೇಡ, ಅಲ್ಲಿ ರಬ್ಬರಿನಂತೆ ಬಾಗುವ ಸಿಲಿಕೋನ್ ಸೀಲಂಟ್ ಹಾಕಿ. ಬಿಸಿಲು ಬೀಳುವ ಜಾಗದಲ್ಲಿ ತಿಳಿ ಬಣ್ಣ ಕ್ರಮೇಣ ಹಳದಿಗೆ ತಿರುಗುತ್ತದೆ, ಬೂದು ಆರಿಸಿ. ಪಾಲಿಶ್ ಮಾಡಿದ ಕಲ್ಲಿದ್ದರೆ ಮೂಲೆಯಲ್ಲಿ ಮೊದಲು ಪರೀಕ್ಷಿಸಿ, ಕಲ್ಲಿಗೆ ಕಲೆ ಹಿಡಿಯಬಹುದು.

ಗ್ರೌಟ್ ಸೋರಿಕೆಗೆ ಮದ್ದಲ್ಲ, ಇದನ್ನು ಒತ್ತಿ ಹೇಳಬೇಕು. ಕೆಳಗಿನ ಚಾವಣಿಯಲ್ಲಿ ತೇವವಿದ್ದರೆ ಕೆಲಸಕ್ಕೆ ಮೊದಲೇ ಮೋರಿ ಮುಚ್ಚಿ 24 ಗಂಟೆ ನೀರು ನಿಲ್ಲಿಸಿ ನೋಡಿ. ಸೋರಿದರೆ ವಾಟರ್‌ಪ್ರೂಫಿಂಗ್ ಮಾಡಿಸಿ, ಇಲ್ಲವೇ ಕೊಳ್ಳುವವರಿಗೆ ಇದ್ದದ್ದನ್ನು ಹೇಳಿ. ಕೆಲಸದ ಮರುದಿನ ಓಡಾಡಬಹುದು. ಪೂರ್ತಿ ಗಟ್ಟಿಯಾಗಲು ಸುಮಾರು 7 ದಿನ ಬೇಕು. ಮನೆ ತೋರಿಸುವ ದಿನವನ್ನು ಅದಾದ ಮೇಲೆ ಇಟ್ಟುಕೊಳ್ಳಿ.