ಲಂಗರಿನ ಸಾಮಾನು: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದು ಬೇಡ

ಹುಬ್ಬಳ್ಳಿಗೂ ಹಾಯಿದೋಣಿಗೂ ಏನು ಸಂಬಂಧ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನಾವು ಕೆಲವು ಗೆಳೆಯರು ಸೇರಿ ಇಟ್ಟುಕೊಂಡಿರುವ 32 ಅಡಿಯ ದೋಣಿ ಗೋವಾದಲ್ಲಿದೆ. ಮಳೆಗಾಲ ಪೂರ್ತಿ ದಡದ ಮೇಲೆ, ಗಣೇಶನ ಹಬ್ಬ ಮುಗಿದು ಸಮುದ್ರ ತಣ್ಣಗಾದ ಮೇಲೆ ನೀರಿಗೆ. ಪ್ರತಿ ಸೀಸನ್ನಿಗೂ ಗುಂಪಿನಲ್ಲಿ ಯಾರಾದರೂ ಒಬ್ಬರು ಲಂಗರಿಗೆ ಅಂತ ಹೊಸ ಸಾಮಾನೊಂದನ್ನು ಆನ್‌ಲೈನಲ್ಲಿ ನೋಡಿ, 'ಇದನ್ನ ತರಿಸೋಣೇನ್ರಿ?' ಅಂತ ಕೇಳುತ್ತಾರೆ. ಬೆಲೆ ನೋಡಿದರೆ ಎದೆ ಧಸಕ್ಕೆನ್ನುತ್ತದೆ.

ನನ್ನ ಲೆಕ್ಕ ಸರಳ. ನಮ್ಮದು 15 ಕೆಜಿಯ ಲಂಗರು, ಸನಿಕೆಯ ಹಾಗೆ ಅಗಲ ಬಾಯಿ, ಬೆನ್ನ ಮೇಲೆ ಬಾಗಿದ ಕಂಬಿ. ಮರಳು, ಕೆಸರು ಎರಡರಲ್ಲೂ ಚೆನ್ನಾಗಿ ಹಿಡಿಯುತ್ತದೆ. ನೀರು 4 ಮೀಟರ್ ಇದೆ, ಭರತಕ್ಕೆ ಇನ್ನೂ 2 ಮೀಟರ್ ಏರಬಹುದು, ನೀರಿನಿಂದ ದೋಣಿಯ ಮೂತಿಗೆ 1 ಮೀಟರ್. ಒಟ್ಟು 7. ಅದರ ಐದು ಪಟ್ಟು ಅಂದರೆ 35 ಮೀಟರ್ ಚೈನ್ ಬಿಡಬೇಕು. ಗಾಳಿ ಜಾಸ್ತಿಯಾದರೆ ಇನ್ನೂ ಬಿಡಿ. ಇಷ್ಟು ಮಾಡದೆ ಎಂಥ ಸಾಮಾನು ತಂದರೂ ಸುಮ್ನೆ ದುಡ್ಡು ದಂಡ.

ಆದರೆ ಒಂದು ಸಾಮಾನು ಬೇಕೇ ಬೇಕು. ಸ್ನಬ್ಬರ್. ಚೈನಿಗೆ ಕಟ್ಟಿ ದೋಣಿಯ ಮೂತಿಗೆ ಬಿಗಿಯುವ ನೈಲಾನ್ ಹಗ್ಗ, ಅಷ್ಟೇ. ಅಲೆಗೆ ದೋಣಿ ಎದ್ದು ಬಿದ್ದಾಗ ಚೈನ್ ಜಗ್ಗುವ ಹೊಡೆತವನ್ನು ಈ ಹಗ್ಗ ಹಿಗ್ಗಿ ನುಂಗಿಕೊಳ್ಳುತ್ತದೆ, ರಾತ್ರಿಯಿಡೀ ಗರಗರ ಅನ್ನುವ ಸದ್ದೂ ನಿಲ್ಲುತ್ತದೆ. ರೆಡಿಮೇಡ್ ಸಿಗುತ್ತದೆ, ಮಧ್ಯೆ ರಬ್ಬರ್ ಹಾಕಿದ್ದು, ಸ್ಟೀಲ್ ಕೊಕ್ಕೆ ಹಾಕಿದ್ದು ಎಲ್ಲ. ಬೇಡ. ನಮ್ಮದು 12 ಎಂಎಂ ಮೂರೆಳೆ ಹಗ್ಗ, ಸುಮಾರು 8 ಮೀಟರ್ ಉದ್ದ. ಅದನ್ನು ತಂದಿದ್ದು ಹುಬ್ಬಳ್ಳಿಯಲ್ಲೇ, ದುರ್ಗದ ಬೈಲಿನ ಹತ್ತಿರದ ಒಂದು ಅಂಗಡಿಯಲ್ಲಿ.

ಇಲ್ಲಿ ಒಂದು ಎಚ್ಚರ. ನಮ್ಮ ಮಾರ್ಕೆಟ್ಟಿನಲ್ಲಿ ಹೊಳೆಯುವ ಪ್ಲಾಸ್ಟಿಕ್ ಹಗ್ಗ ಯಾವುದನ್ನು ಕೇಳಿದರೂ 'ನೈಲಾನೇ ರೀ ಸರ್' ಅಂತಾರೆ. ಹೊಲಕ್ಕೆ, ದನಕ್ಕೆ ಒಯ್ಯುವ ನೀಲಿ, ಹಸಿರು ಹಗ್ಗ ಬಹುಪಾಲು ಪಾಲಿಪ್ರೊಪಿಲೀನ್. ಅದು ಅಷ್ಟು ಹಿಗ್ಗುವುದಿಲ್ಲ, ಬಿಸಿಲಿಗೆ ಬೇಗ ಪುಡಿಪುಡಿಯಾಗುತ್ತದೆ. ಒಂದು ಗೇಣು ತುಂಡು ಕೇಳಿ ತಗೊಂಡು, ನೀರಲ್ಲಿ ಅದ್ದಿ, ಒಳಗಿನ ಗಾಳಿ ಹೋಗುವ ಹಾಗೆ ಚೆನ್ನಾಗಿ ಹಿಂಡಿ, ಬಕೆಟ್ಟಿನಲ್ಲಿ ಬಿಡಿ. ತೇಲಿದರೆ ವಾಪಸ್ ಕೊಡಿ. ನೈಲಾನ್ ಮುಳುಗುತ್ತದೆ. ನಮ್ಮ ಅಂಗಡಿಯವರು ಮೊದಲು ನಕ್ಕರು, ಆಮೇಲೆ ತಾವೇ ಇನ್ನೆರಡು ಹಗ್ಗದ ತುಂಡು ತಂದು ಬಕೆಟ್ಟಿಗೆ ಹಾಕಿ ನೋಡುತ್ತಾ ನಿಂತರು. ಈ ಅಂಗಡಿಗೆ ನನ್ನ ಪೂರ್ತಿ ಮಾರ್ಕು, ಬೇಸರ ಮಾಡಿಕೊಳ್ಳದೆ ಮೂಲೆಯಲ್ಲಿದ್ದ ಸುರುಳಿ ಎಲ್ಲ ಇಳಿಸಿ ತೋರಿಸಿದರು. ಹಗ್ಗ ಉಜ್ಜುವ ಜಾಗಕ್ಕೆ ಪಂಪ್‌ಸೆಟ್ಟಿನ ಹಳೇ ಪೈಪ್ ಒಂದು ಮೊಳ ಕತ್ತರಿಸಿ ತೊಡಿಸಿದ್ದೇವೆ. ಚೈನ್ ಕೊಕ್ಕೆಯ ಬದಲು ರೋಲಿಂಗ್ ಹಿಚ್ ಗಂಟು. ಕೊಕ್ಕೆಯ ಕಷ್ಟ ಏನಂದರೆ, ಚೈನ್ ಸಡಿಲಾದಾಗ ಕೆಲವು ಕೊಕ್ಕೆ ತಾನಾಗಿ ಕಳಚಿಕೊಳ್ಳುತ್ತವೆ.

ಇನ್ನು ಸ್ವಿವೆಲ್. ಲಂಗರಿಗೂ ಚೈನಿಗೂ ನಡುವೆ ತಿರುಗುವ ಸ್ಟೀಲ್ ಕೊಂಡಿ. ನೋಡಲು ಒಡವೆ ಇದ್ದ ಹಾಗೆ ಇದೆ, ಬೆಲೆಯೂ ಹಾಗೇ. ನದಿ ಬಾಯಲ್ಲಿ ಭರತ ಇಳಿತಕ್ಕೆ ದೋಣಿ ಸುತ್ತುತ್ತದೆ, ಚೈನ್ ತಿರುಚಿಕೊಳ್ಳುತ್ತದೆ, ಅದಕ್ಕೆ ಇದು ಅಂತಾರೆ. ಆದರೆ ಲಂಗರು ನೆಲ ಬಿಟ್ಟು ಮೇಲೆ ಬರುವಾಗ ಆ ತಿರುಚು ಬಹುಮಟ್ಟಿಗೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಮೇಲಾಗಿ ಅಡ್ಡಕ್ಕೆ ಎಳೆತ ಬಿದ್ದರೆ ಹಲವು ಸ್ವಿವೆಲ್‌ಗಳು ಬಾಗುತ್ತವೆ. ನಾವು ಹಾಕಿರುವುದು ಗ್ಯಾಲ್ವನೈಸ್ಡ್ ಡಿ ಶ್ಯಾಕಲ್, ಅಂದರೆ ಪಿನ್ ಹಾಕಿ ಮುಚ್ಚುವ ಡಿ ಆಕಾರದ ಕೊಂಡಿ. ಲಾರಿ, ಕ್ರೇನ್ ಸಾಮಾನು ಮಾರುವ ಕಡೆ ಸಿಗುತ್ತದೆ, ಎಷ್ಟು ಟನ್ ತಡೆಯುತ್ತದೆ ಅಂತ ಮೈಮೇಲೆ ಅಚ್ಚು ಇರಬೇಕು. ಅಚ್ಚಿಲ್ಲದ್ದು ಎಷ್ಟೇ ಅಗ್ಗ ಇರಲಿ, ಮುಟ್ಟಬೇಡಿ. ಪಿನ್ನನ್ನು ತಂತಿ ಸುತ್ತಿ ಬಿಗಿಯಿರಿ.

ಚೈನಿನ ಮೇಲೆ ಜಾರಿಬಿಡುವ ತೂಕದ ಗುಂಡಿಗೆ ಕೆಲೆಟ್ ಅಂತಾರೆ. ಗಾಳಿ ಕಡಿಮೆ ಇದ್ದಾಗ ದೋಣಿ ಜಾಸ್ತಿ ಅಲೆದಾಡದಂತೆ ನೋಡಿಕೊಳ್ಳುತ್ತದೆ, ಒಪ್ಪಿದೆ. ಆದರೆ ಜೋರು ಗಾಳಿಗೆ ಚೈನ್ ನೆಟ್ಟಗಾದ ಮೇಲೆ ಅದರ ಆಟ ಅಷ್ಟಕ್ಕಷ್ಟೇ. 8 ಎಂಎಂ ಚೈನ್ 35 ಮೀಟರ್ ಅಂದರೇ ಸುಮಾರು 50 ಕೆಜಿ, ಅದರ ಮೇಲೆ 10 ಕೆಜಿ ಗುಂಡು ಹೊತ್ತು ತಿರುಗುವ ಬದಲು ಆ ತೂಕವನ್ನು ದೊಡ್ಡ ಲಂಗರಿಗೇ ಹಾಕಬಹುದಲ್ವಾ?

ಎಷ್ಟು ಚೈನ್ ಬಿಟ್ಟೆವು ಅಂತ ಅಳೆಯುವ ಚೈನ್ ಕೌಂಟರ್ ಬೇಡ. ಚೈನ್ ಎಳೆಯುವ ಕರೆಂಟಿನ ಯಂತ್ರ (ವಿಂಡ್ಲಾಸ್) ಇದ್ದವರಿಗೆ ಅನುಕೂಲ ಇರಬಹುದು, ನಾವು ಕೈಯಿಂದ ಎಳೆಯುವವರು. 5 ಮೀಟರಿಗೊಂದು ಬಣ್ಣದ ಕೇಬಲ್ ಟೈ ಕಟ್ಟಿದರೆ ಆಯಿತು. ಸೀಸನ್ನಿಗೆ ಒಂದಿಷ್ಟು ಹರಿದು ಹೋಗುತ್ತವೆ, ಮತ್ತೆ ಕಟ್ಟುವುದು.

ಮೊಬೈಲಿನ ಲಂಗರು ಅಲಾರಂ ಆ್ಯಪ್ ಮಾತ್ರ ಹಾಕಿಕೊಳ್ಳಿ. ಲಂಗರಿನ ಸುತ್ತ ಹಾಕಿದ ವೃತ್ತ ದಾಟಿ ದೋಣಿ ಆಚೆ ಹೋದರೆ ಅದು ಕೂಗುತ್ತದೆ. ಪುಕ್ಕಟೆ ಇರುವುದೂ ಸಾಕು. ಲಂಗರು ನೆಲ ಮುಟ್ಟಿದ ಜಾಗದಲ್ಲೇ ಗುರುತು ಹಾಕಬೇಕು, ಊಟ ಮುಗಿಸಿ ನೆನಪಾದಾಗ ಹಾಕಿದರೆ ವೃತ್ತದ ನಡುವೆ ಲಂಗರಿನ ಬದಲು ನೀವು ಇರುತ್ತೀರಿ. ವೃತ್ತ ಚೈನಿನ ಉದ್ದಕ್ಕಿಂತ ಸ್ವಲ್ಪ ದೊಡ್ಡದಿರಲಿ, ಇಲ್ಲದಿದ್ದರೆ ಜಿಪಿಎಸ್ ನಾಲ್ಕು ಮೀಟರ್ ಆಚೀಚೆ ಆದಾಗೆಲ್ಲ ಕೂಗಿ ಎಬ್ಬಿಸುತ್ತದೆ. ಫೋನ್ ಚಾರ್ಜಿಗೆ ಇಟ್ಟೇ ಮಲಗಿ. ನಮ್ಮಲ್ಲಿ ಹಿರಿಯರೊಬ್ಬರು ಇದನ್ನು ನಂಬುವುದಿಲ್ಲ, ದಡದ ಎರಡು ದೀಪ ಒಂದೇ ಗೆರೆಗೆ ಬರುವ ಹಾಗೆ ಗುರುತಿಟ್ಟುಕೊಂಡು ಆಗಾಗ ಎದ್ದು ನೋಡುತ್ತಾರೆ. ಅದೂ ಸರಿಯೇ.

ಲಂಗರಿನ ತಲೆಗೆ ಹಗ್ಗ ಕಟ್ಟಿ ಮೇಲೆ ಬಿಡುವ ತೇಲುಬುಂಡೆ ಬಗ್ಗೆ ನಮ್ಮಲ್ಲೇ ಜಗಳ ಇದೆ. ಬಂಡೆ, ಹಳೇ ಬಲೆ ಇರುವ ಕಡೆ ಲಂಗರು ಸಿಕ್ಕಿಕೊಂಡರೆ ಹಿಂದಿನಿಂದ ಎಳೆದು ಬಿಡಿಸಲು ಅದು ಬೇಕು. ಮೀನುಗಾರರ ದೋಣಿಗಳು ಓಡಾಡುವ ಕಡೆ ಬೇಡ, ಕತ್ತಲಲ್ಲಿ ಯಾರದ್ದಾದರೂ ದೋಣಿಯ ಫ್ಯಾನಿಗೆ (ಪ್ರೊಪೆಲರ್) ಹಗ್ಗ ಸುತ್ತಿಕೊಂಡರೆ ಅವರಿಗೂ ತ್ರಾಸು, ನಮಗೂ ತ್ರಾಸು. ಇನ್ನು ಅಂಗಳದ ಸೋಲಾರ್ ದೀಪವನ್ನೇ ಲಂಗರಿನ ದೀಪ ಅಂತ ನೇತು ಹಾಕುವವರಿಗೆ ಒಂದು ಮಾತು. ನಿಯಮದ ಪ್ರಕಾರ ಆ ಬಿಳಿ ದೀಪ 2 ನಾಟಿಕಲ್ ಮೈಲಿಗೆ, ಸುತ್ತಲೂ ಕಾಣಬೇಕು. ಅಲ್ಲಿ ಉಳಿತಾಯ ಮಾಡಬೇಡಿ, ಸ್ವಿವೆಲ್ಲಿಗೆ ಇಟ್ಟ ದುಡ್ಡನ್ನು ಒಳ್ಳೆ ಎಲ್‌ಇಡಿ ದೀಪಕ್ಕೆ ಹಾಕಿ.